ಟಿಕೆಟ್ ಇಲ್ಲದ ನೋವು

ಮಾತಾಡದ ಕಂಡಕ್ಟರನ್ನು ನಾನು ನಂಬುವುದಿಲ್ಲ. ಅಂಥವರ ಬಸ್ಸಿನಲ್ಲಿ ಜನ ನಿದ್ದೆ ಹೋಗುತ್ತಾರೆ, ಇಳಿಯುವ ಊರು ದಾಟಿಸಿಕೊಳ್ಳುತ್ತಾರೆ, ಆಮೇಲೆ ಎದ್ದು ಜಗಳಕ್ಕೆ ನಿಲ್ಲುತ್ತಾರೆ. ನನ್ನ ಬಸ್ಸಿನಲ್ಲಿ ಆ ರಗಳೆ ಇಲ್ಲ. ರಾಮದುರ್ಗದಲ್ಲಿ ತೆರೆದ ನನ್ನ ಬಾಯಿ ಕಟಕೋಳ, ಹೂಲಿ, ಸವದತ್ತಿ, ಬೈಲಹೊಂಗಲ ದಾಟಿ ಕಿತ್ತೂರಿನಲ್ಲಿ ಚಹಾ ಕೈಗೆ ಬಂದಾಗಲೇ ಮುಚ್ಚುವುದು. ಯಾರ ಮನೆಯ ಎಮ್ಮೆ ಈದಿದೆ, ಯಾರ ಸೊಸೆ ತವರಿಗೆ ಹೋದವಳು ಇನ್ನೂ ಬಂದಿಲ್ಲ, ಎಲ್ಲ ನನಗೆ ಗೊತ್ತಿರುತ್ತದೆ. ನನಗೆ ಗೊತ್ತಿದ್ದದ್ದು ಬಸ್ಸಿಗೆಲ್ಲ ಗೊತ್ತಿರುತ್ತದೆ. ಒಂದೇ ಒಂದು ಸಂಗತಿಯನ್ನು ಮಾತ್ರ ಬಾಯಿ ಬಿಡದೆ ಇಟ್ಟುಕೊಂಡಿದ್ದೆ. ಅದೇ ನನ್ನನ್ನು ಬಸ್ಸಿನಿಂದ ಕೆಳಗಿಳಿಸುವ ಮಟ್ಟಕ್ಕೆ ಬಂತು.

ಅದು ನನ್ನ ಎಡಗೈಯ ನೋವು.

ನೋವು ಎಂದ ಕೂಡಲೇ ಎಲ್ಲರೂ ನನ್ನ ಬೆರಳ ಗಂಟುಗಳನ್ನು ನೋಡುತ್ತಾರೆ. ಅದು ಹಳೆಯ ಕಥೆ. ಡಾಕ್ಟರು ಅದಕ್ಕೆ ರುಮಟಾಯ್ಡ್ ಎನ್ನುತ್ತಾರೆ, ನಮ್ಮತ್ತೆ ಬಾಯವ್ವ ವಾಯು ಎನ್ನುತ್ತಾರೆ, ಡಿಪೋದವರು ಕೀಲಿನ ತ್ರಾಸು ಎನ್ನುತ್ತಾರೆ. ಯಾವ ಹೆಸರಿನಿಂದ ಕರೆದರೂ ಅದಕ್ಕೊಂದು ಶಿಸ್ತಿದೆ. ನಸುಕಿನಲ್ಲಿ ಬೆರಳು ಮಡಚಲು ಬಿಡುವುದಿಲ್ಲ, ಬಿಸಿನೀರಲ್ಲಿ ಕೈ ಇಟ್ಟರೆ ಮೆತ್ತಗಾಗುತ್ತದೆ, ಓಡಾಡಿದರೆ ಸುಮ್ಮನಿರುತ್ತದೆ, ಕುಳಿತರೆ ಸಿಟ್ಟಿಗೇಳುತ್ತದೆ. ಶನಿವಾರ ರಾತ್ರಿ ವಾರದ ಗುಳಿಗೆ ನುಂಗುತ್ತೇನೆ. ರವಿವಾರ ಹೊಟ್ಟೆ ತೊಳಸುತ್ತದೆ, ಅವತ್ತೇ ನನ್ನ ವಾರದ ರಜೆ. ನನ್ನ ಖಾಕಿ ಅಂಗಿಯ ಗುಂಡಿ ಹಾಕುವುದು ಗಂಡ ಕಾಂತೇಶ, ಜಡೆ ಹೆಣೆಯುವುದು ಅತ್ತೆ. ಮದುವೆಯಾದ ಹೊಸತರಲ್ಲಿ ಸಿಗದ ಉಪಚಾರ ಈಗ ಸಿಗುತ್ತಿದೆ ಎಂದು ನಾನು ಅವರಿಬ್ಬರನ್ನೂ ಕಾಡಿಸುತ್ತಿದ್ದೆ. ಒಟ್ಟಿನಲ್ಲಿ ಆ ನೋವೂ ನಾನೂ ಒಂದೇ ಮನೆಯಲ್ಲಿ ಬಾಳುವುದನ್ನು ಕಲಿತಿದ್ದೆವು.

ಈ ಎಡಗೈಯದು ಬೇರೆ ಜಾತಿ. ಟಿಕೆಟ್ ತೆಗೆಸದೆ ಹತ್ತುವ ಪ್ಯಾಸೆಂಜರು. ಯಾವ ಊರಲ್ಲಿ ಹತ್ತುತ್ತದೆ, ಎಲ್ಲಿ ಇಳಿಯುತ್ತದೆ, ಒಂದೂ ಗೊತ್ತಾಗುವುದಿಲ್ಲ. ಭುಜದಲ್ಲಿ ಹೊರಟು, ಮೊಣಕೈ ಸುತ್ತಿ, ಕಿರುಬೆರಳಿನ ತುದಿಯ ತನಕ ಕಾದ ತಂತಿ ಎಳೆದ ಹಾಗೆ. ಆ ಹೊತ್ತಿನಲ್ಲಿ ಅಂಗಿಯ ತೋಳು ತಾಗಿದರೂ ಕಣ್ಣಲ್ಲಿ ನೀರು. ಸ್ವಲ್ಪ ಹೊತ್ತಿಗೆ ಏನೂ ನಡೆದೇ ಇಲ್ಲವೆಂಬಂತೆ ಹೋಗಿಬಿಡುತ್ತದೆ. ಬೆಳಗಾವಿಯ ಡಾಕ್ಟರು ರಕ್ತ ನೋಡಿದರು, ಕುತ್ತಿಗೆಯ ಸ್ಕ್ಯಾನ್ ಮಾಡಿಸಿದರು, ನರಕ್ಕೆ ಕರೆಂಟು ಕೊಟ್ಟು ನೋಡಿದರು. ಕೀಲಿನ ರೋಗ ಹತೋಟಿಯಲ್ಲಿದೆ, ಕುತ್ತಿಗೆ ಸರಿ ಇದೆ, ನರವೂ ಸರಿ ಇದೆ.

"ಕಾರಣ ಸಿಗವಲ್ತವಾ. ಹಂಗಂತ ನಿನಗ ನೋವಿಲ್ಲ ಅಂತ ನಾ ಅನ್ನೂದಿಲ್ಲ," ಎಂದರು ಆ ಪುಣ್ಯಾತ್ಮ. ರಾತ್ರಿ ನುಂಗಲು ಒಂದು ಗುಳಿಗೆ ಕೊಟ್ಟರು. ಅದರಿಂದ ನೋವು ಸ್ವಲ್ಪ ಕಡಿಮೆಯಾಯಿತು, ನಿದ್ದೆ ಜಾಸ್ತಿಯಾಯಿತು.

ನನಗೆ ಅಷ್ಟು ಸಾಕಿತ್ತು. ಸಾಕಾಗದಿದ್ದದ್ದು ಕಾಂತೇಶನಿಗೆ. ಸವದತ್ತಿಯಲ್ಲಿ ಅವನದು ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ ಬಿಚ್ಚಿ, ಯಾವ ಸುತ್ತಿನಲ್ಲಿ ತಂತಿ ಕೂಡಿದೆ ಎಂದು ಬೆರಳಿಟ್ಟು ತೋರಿಸುವ ಮನುಷ್ಯ. ಹೆಂಡತಿಯ ಕೈಯಲ್ಲಿ ಮಾತ್ರ ಅವನಿಗೆ ಎಲ್ಲಿ ಬೆರಳಿಡಬೇಕೆಂದು ತಿಳಿಯಲಿಲ್ಲ. ದಿನಾ ಸಂಜೆ ನಾನು ಚಪ್ಪಲಿ ಬಿಡುವಷ್ಟರಲ್ಲೇ ವಿಚಾರಣೆ ಶುರು.

"ಇವತ್ತ ಬಂದಿತ್ತೇನು? ಏನ ಮಾಡಾಕ ಹತ್ತಿದ್ದಿ ಆಗ? ಕೈ ಮ್ಯಾಲಿತ್ತೋ ಕೆಳಗಿತ್ತೋ?"

"ಟಿಕೆಟ್ ಕೊಡಾಕ ಹತ್ತಿದ್ನಿರಿ."

"ನಿನ್ನೆ ಕುಂತಾಗ ಬಂತು ಅಂದಿ. ಹಂಗ ಹ್ಯಾಂಗ ಆಗತೈತಿ? ಕಾರಣ ಇಲ್ಲದ ಯಾವ ಮೋಟರೂ ಸುಡೂದಿಲ್ಲ."

ಪ್ರೀತಿಯಿಂದಲೇ ಕೇಳುತ್ತಿದ್ದ, ನನಗೆ ಗೊತ್ತಿತ್ತು. ಆದರೆ ನೋವು ತಿಂದವಳೂ ನಾನೇ, ಅದರ ಲೆಕ್ಕ ಒಪ್ಪಿಸಬೇಕಾದವಳೂ ನಾನೇ ಎಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಕಡೆಗೆ "ಇವತ್ತ ಬರಲಿಲ್ಲ" ಎನ್ನುವುದನ್ನು ರೂಢಿ ಮಾಡಿಕೊಂಡೆ. ಅವನ ಮುಖ ಅರಳುತ್ತಿತ್ತು, ನನಗೂ ಒಂದು ಲೋಟ ನೀರು ನೆಮ್ಮದಿಯಿಂದ ಇಳಿಯುತ್ತಿತ್ತು.

ಬಸ್ಸಿನಲ್ಲಿ ಮುಚ್ಚಿಟ್ಟದ್ದಕ್ಕೆ ಬೇರೆ ಕಾರಣ. ಕೀಲಿನ ತ್ರಾಸು ತಿಳಿದಾಗಲೇ ಡಿಪೋ ಸಾಹೇಬರು ನನಗೆ ಪಾಸ್ ಕೌಂಟರಿನ ಕುರ್ಚಿ ತೋರಿಸಿದ್ದರು. "ಆರಾಮ ಕುಂತು ಪಾಸ್ ಕೊಡವಾ" ಎಂದಿದ್ದರು, ಒಳ್ಳೆಯ ಮನಸ್ಸಿನಿಂದಲೇ. ಆ ಕುರ್ಚಿ ನೋಡಿದರೆ ನನ್ನ ಮೊಣಕಾಲು ಅಲ್ಲಿಯೇ ಬಿಗಿಯಾಗುತ್ತಿತ್ತು. ಕಿಂಡಿಯ ಆಚೆ ಬರಿ ಕೈಗಳು, ಈಚೆ ನಾನು, ಮಾತಿಗೆ ಯಾರೂ ಇಲ್ಲ. ಕುಳಿತಷ್ಟೂ ಕೀಲು ಹಿಡಿಯುತ್ತದೆ ಎಂದು ಕೈ ಮುಗಿದು, ಕಾಲು ಹಿಡಿದು ಬಸ್ಸು ಉಳಿಸಿಕೊಂಡಿದ್ದೆ. ಈಗ ಹೆಸರೇ ಇಲ್ಲದ ಇನ್ನೊಂದು ನೋವು ಬಂದಿದೆ ಎಂದರೆ ಕುರ್ಚಿ ಗ್ಯಾರಂಟಿ.

ಇಲ್ಲಿ ಬೆಲ್ಲಿನ ವಿಷಯ ಹೇಳಬೇಕು. ನಮ್ಮ ಬಸ್ಸಿನ ಚಾವಣಿಗುಂಟ ಒಂದು ಹಗ್ಗ ಹಾಯ್ದಿದೆ, ಡ್ರೈವರ್ ತಲೆಯ ಮೇಲೆ ಅದರ ಗಂಟೆ. ಒಮ್ಮೆ ಎಳೆದರೆ ನಿಲ್ಲು, ಎರಡು ಸಲ ಎಳೆದರೆ ಹೊರಡು. ಬಹಳ ಕಂಡಕ್ಟರುಗಳು ಸೀಟಿ ಊದುತ್ತಾರೆ. ನನಗೂ ಕೆಲಸಕ್ಕೆ ಸೇರಿದ ದಿನ ಒಂದು ಸೀಟಿ ಸಿಕ್ಕಿತ್ತು. ಅದನ್ನು ಮನೆಗೆ ತಂದು ತೋರಿಸಿದ್ದೇ ತಡ, ಅತ್ತೆ ಕೈಯಿಂದ ಕಸಿದುಕೊಂಡರು.

"ಕಂಡಕ್ಟರ್ ಆಗು, ಖಾಕಿ ಹಾಕ್ಕೊ, ನಾ ಬ್ಯಾಡ ಅಂದೇನು? ಆದರ ನಮ್ಮ ಮನಿ ಸೊಸಿ ನಾಕ ಮಂದ್ಯಾಗ ನಿಂತು ಸೀಟಿ ಹೊಡಿಯೂದು ನನ್ನ ಕಣ್ಣಿಲೆ ನೋಡಾಕ ಆಗೂದಿಲ್ಲ."

ಸೀಟಿ ಅವರ ಟ್ರಂಕಿಗೆ ಹೋಯಿತು, ಬೀಗ ಬಿತ್ತು. ನಾನು ಜಗಳ ಮಾಡಲಿಲ್ಲ. ಬಾಯಲ್ಲಿ ಸೀಟಿ ಇಟ್ಟುಕೊಂಡವಳು ಮಾತಾಡುವುದು ಯಾವಾಗ? ಎಡಗೈ ಹಗ್ಗಕ್ಕೆ, ಬಲಗೈ ಟಿಕೆಟ್ ಮಷಿನ್ನಿಗೆ, ಬಾಯಿ ಜನಕ್ಕೆ ಎಂದು ಹಂಚಿಕೊಂಡುಬಿಟ್ಟೆ.

ಹೀಗಿರುವಾಗ ಒಂದು ಶನಿವಾರ ಕಟಕೋಳದಲ್ಲಿ ಆಗಬಾರದ್ದು ಆಯಿತು.

ನಮ್ಮ ಬಸ್ಸು ಬುತ್ತಿಯ ಬಸ್ಸು. ಬೈಲಹೊಂಗಲದಲ್ಲಿ ರೂಮು ಮಾಡಿಕೊಂಡು ಓದುವ ಹುಡುಗ ಹುಡುಗಿಯರಿಗೆ ಹಳ್ಳಿಯ ತಾಯಂದಿರು ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ಕಟ್ಟಿ ಬೆಳಗಿನ ಬಸ್ಸಿಗೆ ಕೊಡುತ್ತಾರೆ. ಬುತ್ತಿಗೆ ಹೆಸರು ಬರೆಯುವ ಪದ್ಧತಿಯಿಲ್ಲ. ಹಸಿರು ಅಂಚಿನ ವಸ್ತ್ರ ಯಾರದು, ಹಳೆ ದೋತರದ ತುಂಡು ಯಾರದು, ನನಗೆ ಕಣ್ಣು ಮುಚ್ಚಿದರೂ ಗೊತ್ತು. ಕಟಕೋಳದ ಕೃಷ್ಣವ್ವ ತನ್ನ ಮೊಮ್ಮಗಳು ಸಪ್ನಾಳ ಬುತ್ತಿ ತರುವವಳು. ಕೆಳಗೆ ನಿಂತು ಕೊಟ್ಟರೆ ಅವಳಿಗೆ ಸಮಾಧಾನವಿಲ್ಲ. ಪಾವಟಿಗೆ ಹತ್ತಿ ಒಳಗೆ ಬರಬೇಕು, ಬುತ್ತಿ ಕೊಡಬೇಕು, ನಿನ್ನೆಯ ಖಾಲಿ ಡಬ್ಬಿ ಇಸಿದುಕೊಳ್ಳಬೇಕು, ಮುಚ್ಚಳ ಬಂದಿದೆಯೇ ನೋಡಬೇಕು, "ಮಸರು ಮೊದಲ ಉಣ್ಣಂತ ಹೇಳ ಯವ್ವಾ" ಎನ್ನಬೇಕು, ಆಮೇಲೆ ಇಳಿಯಬೇಕು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ನೂಕುನುಗ್ಗಲು ಬೇರೆ. ಡ್ರೈವರ್ ವಿರೂಪಾಕ್ಷ ತಾಳ್ಮೆಯ ಮನುಷ್ಯ, ಸ್ಟೇರಿಂಗ್ ಮೇಲೆ ಕೈಯಿಟ್ಟು ನನ್ನ ಎರಡು ಬೆಲ್ಲಿಗೆ ಕಾಯುತ್ತಾನೆ.

ಅವತ್ತು ಕೃಷ್ಣವ್ವ ಎಲ್ಲ ಮುಗಿಸಿ ಕೆಳಗಿನ ಪಾವಟಿಗೆಗೆ ಒಂದು ಕಾಲು ಇಟ್ಟಿದ್ದಳು. ನನ್ನ ಎಡಗೈ ಎಂದಿನಂತೆ ಹಗ್ಗದ ಮೇಲಿತ್ತು. ಭುಜದಿಂದ ಕಾದ ತಂತಿ ಹೊರಟಿತು. ಬೆರಳು ತಾವೇ ಬಿಗಿದವು, ಕೈ ಎರಡು ಸಲ ಜಗ್ಗಿತು.

ಟಿಣ್ ಟಿಣ್.

ವಿರೂಪಾಕ್ಷ ಗಾಡಿ ಎತ್ತಿದ.

"ಹೋಲ್ಡಾನ್! ಹೋಲ್ಡಾನ್!" ಎಂದು ಬಸ್ಸಿಗೆ ಬಸ್ಸೇ ಕೂಗಿತು. ಬ್ರೇಕು ಬಿದ್ದು, ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬಂದರು. ನಾನು ಜನರನ್ನು ತಳ್ಳಿಕೊಂಡು ಬಾಗಿಲಿಗೆ ಬಂದು ನೋಡಿದರೆ ಕೃಷ್ಣವ್ವ ಧೂಳಿನಲ್ಲಿ ಕಾಲು ಚಾಚಿ ಕುಳಿತಿದ್ದಳು. ಡಬ್ಬಿ ಚಹಾದಂಗಡಿಯ ತನಕ ಉರುಳಿ ಹೋಗಿತ್ತು. ಹಿಂದಿನ ಗಾಲಿ ಅವಳ ಕಾಲಿಗೆ ಬಹಳ ದೂರವೇನೂ ಇರಲಿಲ್ಲ.

"ಯವ್ವಾ, ಪೆಟ್ಟಾತೇನು? ಎಲ್ಲಿ ಹತ್ತೇತಿ, ಹೇಳಬೇ!"

"ಸ್ವಾಂಟಕ್ಕ ಹತ್ತೇತಿ. ನನ್ನ ಸ್ವಾಂಟ ಗಟ್ಟಿ ಐತಿ ಅಂತ ಉಳದೇನಿ. ನಾ ಇನ್ನೂ ಇಳೀಲೇ ಇಲ್ಲ, ರೈಟ್ ಯಾಕ ಕೊಟ್ಟಿ ನೀ? ಮೊದಲ ಆ ಡಬ್ಬಿ ತರ್ರೆಲೆ ಯಾರರ, ಮುಚ್ಚಳಾ ನೋಡ್ರಿ!"

ಅವಳನ್ನು ಎಬ್ಬಿಸಿ ನಿಲ್ಲಿಸಿದೆವು. ನಾಲ್ಕು ಹೆಜ್ಜೆ ನಡೆದು ತೋರಿಸಿ, ನನಗೆ ಇನ್ನೂ ನಾಲ್ಕು ಬೈದು, ಡಬ್ಬಿ ಹಿಡಿದು ಹೋದಳು. "ಕೈ ತಪ್ಪತಬೇ" ಎಂದಷ್ಟೇ ಹೇಳಿದ್ದೆ. ಅವತ್ತು ಕಟಕೋಳದಿಂದ ಕಿತ್ತೂರಿನವರೆಗೆ ನನ್ನ ಬಾಯಿ ತೆರೆಯಲಿಲ್ಲ. ಹೂಲಿಯಲ್ಲಿ ಇಳಿಯಬೇಕಾದ ಒಬ್ಬಾತ ನಿಜವಾಗಿಯೂ ಸವದತ್ತಿಗೆ ಬಂದ.

ಕಿತ್ತೂರಿನಲ್ಲಿ ವಿರೂಪಾಕ್ಷ ಚಹಾ ಹಿಡಿದು ಬಸ್ಸಿನ ನೆರಳಿಗೆ ಬಂದ. ವರ್ಷಗಟ್ಟಲೆ ಜೊತೆಯಲ್ಲಿ ದುಡಿದಿದ್ದೇವೆ. ನಾನು ಅವನಿಗೆ ಅಣ್ಣಾರ, ಅವನು ನನಗೆ ಅಕ್ಕಾರ, ಯಾರು ದೊಡ್ಡವರೆಂದು ಇಬ್ಬರೂ ಕೇಳಿಕೊಂಡಿಲ್ಲ.

"ಅಕ್ಕಾರ, ಭಾಳ ದಿನಾತು ನಾ ಕನ್ನಡ್ಯಾಗ ನೋಡಾಕ ಹತ್ತೇನಿ. ಒಮ್ಮಿಂದೊಮ್ಮೆ ಮಾರಿ ಬೆಳ್ಳಗಾಗತೈತಿ ನಿಮ್ಮದು. ಏನದು?"

ಸುಳ್ಳು ಹೇಳುವ ತ್ರಾಣ ಇರಲಿಲ್ಲ. ಎಲ್ಲ ಹೇಳಿದೆ. ಅವನು ಚಹಾ ಮುಗಿಯುವವರೆಗೆ ಕೇಳಿದ.

"ನೋವು ಬರಲ್ರಿ, ಯಾರಿಗಿ ಬರೂದಿಲ್ಲ. ಮುಚ್ಚಿಟ್ಟಿದ್ದು ತಪ್ಪು. ಬ್ರೇಕ್ ನನ್ನ ಕಾಲಾಗ ಐತಿ, ಖರೆ. ಹಿಂದಿನ ಬಾಗಲಾ ನನಗ ಕಾಣಸತೈತೇನು? ನಿಮ್ಮ ಬೆಲ್ ನಂಬಿ ನಾ ಗಾಡಿ ಎತ್ತತೇನಿ. ಸೋಮವಾರ ಡಿಪೋದಾಗ ನೀವ ಹೇಳ್ರಿ. ಇಲ್ಲಾಂದ್ರ ನಾ ಹೇಳತೇನಿ."

"ಹೇಳಿದ್ರ ನನ್ನ ಕುರ್ಚಿಗಿ ಹಾಕತಾರ್ರೀ ಅಣ್ಣಾರ! ಬಸ್ ಬಿಡಸತಾರ!"

"ಮುದುಕಿ ಕಾಲು ಗಾಲಿ ಕೆಳಗ ಹೋಗಿದ್ರ?"

ಅವನ ಮೇಲೆ ಸಿಟ್ಟು ಬಂತು, ಅವನು ಹೇಳಿದ್ದು ಸರಿ ಎಂದು ಇನ್ನೂ ಹೆಚ್ಚು ಸಿಟ್ಟು ಬಂತು. ಅತ್ತೆ ಕಟ್ಟಿಕೊಟ್ಟ ಬುತ್ತಿ ಬಿಚ್ಚಲು ಕುಳಿತೆ. ಅತ್ತೆಯ ಗಂಟೆಂದರೆ ಎತ್ತಿನ ದಾವಣಿಗೆ ಹಾಕುವ ಗಂಟು. ದಿನಾ ಹಲ್ಲಿನಿಂದ ಜಗ್ಗಿ ಬಿಚ್ಚುತ್ತಿದ್ದೆ. ಅವತ್ತು ಬಿಚ್ಚಲಾಗಲಿಲ್ಲ. ಬುತ್ತಿಯನ್ನು ಹಾಗೆಯೇ ಮನೆಗೆ ತಂದೆ.

ಸಂಜೆ ಬಾಗಿಲಲ್ಲೇ ಕಾಂತೇಶ ನಿಂತಿದ್ದ. ನನ್ನ ಮುಖ ನೋಡಿ ಕೇಳಿದ, "ಬಂದಿತ್ತೇನು?"

"ಬಂದಿತ್ರಿ. ದಿನಾ ಬರತೈತಿ. ಬರಲಿಲ್ಲ ಅಂದದ್ದೆಲ್ಲಾ ಸುಳ್ಳು." ಕಟಕೋಳದ್ದು, ಕಿತ್ತೂರಿನದು, ನಿಂತಲ್ಲೇ ಎಲ್ಲ ಹೇಳಿದೆ.

ಅವನು ಗಾಬರಿಯಾದ. ಗಾಬರಿಯಾದಾಗ ಅವನಿಗೆ ಗೊತ್ತಿರುವುದು ಒಂದೇ. "ಆಗ ಕೈ ಎಷ್ಟು ಮ್ಯಾಲಿತ್ತು? ಹಗ್ಗಾ ಹಿಡದಾಗ ಹೆಬ್ಬಟ್ಟು—"

"ಸಾಕ್ರಿ!" ಎಂದೆ. ಓಣಿಗೆ ಕೇಳಿಸಿರಬೇಕು. "ಕಾರಣ ಬ್ಯಾಡ ನನಗ. ಡಾಕ್ಟರಿಗಿ ಸಿಗಲಿಲ್ಲ, ನಿಮಗೂ ಸಿಗಲಿಲ್ಲ, ಬಿಡ್ರಿ. ನಾಳಿ ಸಿಕ್ಕರೂ ಬೆಲ್ ಎಳಿಯೂದು ಇದ ಕೈಲೆ ಅಲ್ಲೇನು? ನನ್ನ ಬಸ್ ಹೊಂಟತಿ, ನೀವು ಹೆಬ್ಬಟ್ಟಿಂದು ಕೇಳಾಕ ಹತ್ತೀರಿ!"

ಹೇಳಿ ಅಲ್ಲೇ ಕಟ್ಟೆಯ ಮೇಲೆ ಕುಳಿತು ಅತ್ತುಬಿಟ್ಟೆ. ಅಳುವವಳಲ್ಲ ನಾನು, ಅವತ್ತು ತಡೆಯಲಾಗಲಿಲ್ಲ. ಕಾಂತೇಶ ಟೆಸ್ಟರು ಇಟ್ಟುಕೊಂಡ ಜೇಬಿನ ಮೇಲೆ ಕೈಯಿಟ್ಟು ನಿಂತುಬಿಟ್ಟ. ಪಾಪ, ಅಷ್ಟು ಸೋತ ಮುಖ ನಾನು ನೋಡಿರಲಿಲ್ಲ.

ಬಾಯವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದವರು ಎದ್ದರು. ಒಳಗೆ ಟ್ರಂಕಿನ ಬೀಗ ತೆಗೆದ ಸದ್ದಾಯಿತು. ಹೊರಗೆ ಬಂದಾಗ ಅವರ ಕೈಯಲ್ಲಿ ಆ ಸೀಟಿ ಇತ್ತು. ಸೆರಗಿನಿಂದ ಒರೆಸಿ ನನ್ನ ಮುಂದೆ ಹಿಡಿದರು.

"ಇದನ್ನ ಊದಾಕ ಕೈ ಬೇಕೇನ?"

ನಾನು ಕಣ್ಣೊರೆಸಿಕೊಂಡು ನೋಡಿದೆ. ಅಳುತ್ತಿದ್ದರೂ ನನ್ನ ಬಾಯಿ ಸುಮ್ಮನಿರಲಿಲ್ಲ. "ಅತ್ತೀ, ನಾಕ ಮಂದಿ ಏನಂದಾರು?"

"ಏನಂತಾರ? ಬಾಯವ್ವನ ಸೊಸಿ ಸೀಟಿ ಹೊಡೀತಾಳ ಅಂತಾರ. ಬಾಯವ್ವನ ಸೊಸಿ ಮುದುಕ್ಯಾರನ ಬೀಳಸತಾಳ ಅನ್ನೂದಕಿಂತ ಅದು ಚೊಲೋ. ಊದ, ನೋಡೂಣು."

ಊದಿದೆ. ಎದುರುಮನೆಯ ಪದ್ಮವ್ವ ಚೀಲ ಹಿಡಿದು ಓಡಿ ಬಂದಳು, ಓಣಿಗೆ ಬಸ್ಸು ಬಂತೆಂದು.

ಆದರೆ ನನಗೊಂದು ಅನುಮಾನ. ಕೈ ತಾನೇ ಜಗ್ಗಿದ ಹಾಗೆ ನೋವಿಗೆ ಬಾಯಿಯೂ ತಾನೇ ಊದಿದರೆ? ಅದನ್ನು ಹೇಳಿದ್ದೇ ತಡ, ಕಾಂತೇಶನ ಕಣ್ಣಿಗೆ ಬೆಳಕು ಬಂತು. ಕೊನೆಗೂ ಅವನ ಕೈಗೆ ಪರೀಕ್ಷೆ ಮಾಡಬಹುದಾದ್ದೊಂದು ಸಿಕ್ಕಿತ್ತು. ರವಿವಾರ ಅಂಗಡಿ ತೆರೆಯಲಿಲ್ಲ. ಸೀಟಿಗೆ ಹಸಿರು ದಾರ ಪೋಣಿಸಿ ನನ್ನ ಕೊರಳಿಗೆ ಹಾಕಿದ, ಬಾಯಿಗೆ ಸೀಟಿ ಕೊಟ್ಟ, ಎದುರಿಗೆ ಕುರ್ಚಿ ಹಾಕಿಕೊಂಡು ಕುಳಿತ.

ನೋವಿಗೂ ಎಂಥ ಹಟ ನೋಡಿ. ಬೇಡವೆಂದಾಗ ಬರುವುದು, ಬಾ ಎಂದು ಕಾದರೆ ಇಲ್ಲ. ನಾನು ಬಾಯಲ್ಲಿ ಸೀಟಿ ಇಟ್ಟುಕೊಂಡೇ ಕಸ ಗುಡಿಸಿದೆ, ಟಿವಿ ನೋಡಿದೆ. ಗುಳಿಗೆಯ ಮರುದಿನವಾದ್ದರಿಂದ ಹೊಟ್ಟೆ ತೊಳಸುತ್ತಿತ್ತು, ಅದನ್ನೂ ಕೈಸನ್ನೆಯಲ್ಲಿ ಹೇಳಿದೆ. "ಮನಿ ಎಷ್ಟ ಶಾಂತ ಐತಿ ಇವತ್ತ" ಎಂದು ಅತ್ತೆ ಎರಡು ಸಲ ಹೇಳಿದರು. ಇಳಿಹೊತ್ತಿನಲ್ಲಿ, ನಾನು ಅಕ್ಕಿ ಆರಿಸುವಾಗ, ಭುಜದಿಂದ ಹೊರಟಿತು. ಮೊರ ಕೆಳಗೆ ಬಿತ್ತು. ಹಲ್ಲು ಸೀಟಿಯ ಮೇಲೆ ಗಟ್ಟಿಯಾಗಿ ಕೂತವು, ಉಸಿರು ಒಳಕ್ಕೆ ಹೋಯಿತು. ಸೀಟಿ ಸುಮ್ಮನಿತ್ತು. ನೋವು ಕಿರುಬೆರಳಿಗೆ ಬಂದು ಕುಣಿದು ಹೋಗುವವರೆಗೂ ಸುಮ್ಮನೇ ಇತ್ತು.

"ಪಾಸ್!" ಎಂದು ಕಾಂತೇಶ ಚಪ್ಪಾಳೆ ಹೊಡೆದ. "ಒಳಗ ಎಳಕೋತಿ ನೀ, ಹೊರಗ ಬಿಡೂದಿಲ್ಲ!"

ಹೆಂಡತಿಗೆ ನೋವು ಬಂದದ್ದಕ್ಕೆ ಚಪ್ಪಾಳೆ ಹೊಡೆದ ಗಂಡ ನಮ್ಮ ತಾಲೂಕಿನಲ್ಲಿ ಇವನೊಬ್ಬನೇ ಇರಬೇಕು. ಹೊಡೆಯೋಣವೆಂದರೆ ಕೈ ಎತ್ತಲು ಬರುವ ಹಾಗಿರಲಿಲ್ಲ. ಆಮೇಲೆ ನನಗೂ ನಗು ಬಂತು. ಸುರಿದ ಅಕ್ಕಿಯನ್ನು ಅವನೇ ಆರಿಸಿದ.

ಸೋಮವಾರ ಡಿಪೋ ಸಾಹೇಬರ ಮುಂದೆ ನಿಂತು ಎಲ್ಲ ಒಪ್ಪಿಸಿದೆ. ಅವರು ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದರು. "ಡಾಕ್ಟರಿಗೇ ಗೊತ್ತಿಲ್ಲದ ನೋವಿಗೆ ನಾ ಏನ್ ಮಾಡ್ಲಿ, ದೇವಕ್ಕಾರ?" ಎಂದರು. ನಾನು ಸೀಟಿ ತೋರಿಸಿದೆ. ಅವರು ವಿರೂಪಾಕ್ಷನನ್ನು ಒಳಗೆ ಕರೆಸಿದರು. ಅವನು ಬೇಡವೆಂದರೆ ಅಲ್ಲಿಗೆ ಮುಗಿಯಿತು, ನನಗೆ ಗೊತ್ತಿತ್ತು. ಗೋಡೆಯ ಆಚೆ ಪಾಸ್ ಕೌಂಟರಿನ ಕುರ್ಚಿ ಎಳೆದ ಸದ್ದು ಕೇಳುತ್ತಿತ್ತು.

"ಹಗ್ಗಾ ಕಟ್ಟಿ ಹಾಕೂಣ್ರಿ ಸಾಹೇಬ್ರ," ಎಂದ ವಿರೂಪಾಕ್ಷ. "ಬೆಲ್ ಬ್ಯಾಡ. ಇವರು ಸೀಟಿ ಊದಿದ್ರ ನಾ ಗಾಡಿ ಎತ್ತತೇನಿ. ಊದಲಿಲ್ಲ ಅಂದ್ರ ಸಂಜೀತನಕಾ ನಿಂದ್ರಸತೇನಿ."

"ಒಂದು ವಾರ ನೋಡತೇನಿ," ಎಂದರು ಸಾಹೇಬರು. "ಇನ್ನೊಬ್ಬರು ಬಿದ್ರ ಮಾತ ಕೇಳೂದಿಲ್ಲ. ಕುರ್ಚಿ ಐತಿ."

ಮರುದಿನ ನಸುಕಿನಲ್ಲಿ ಕಾಂತೇಶ ಗುಂಡಿ ಹಾಕಿದ, ಅತ್ತೆ ಜಡೆ ಹಾಕಿದರು. ಬುತ್ತಿ ತಾನೇ ಕಟ್ಟುತ್ತೇನೆ ಎಂದು ಕಾಂತೇಶ ಅಡುಗೆಮನೆಗೆ ಹೋದ. ಅವನು ಹುಟ್ಟಿದಾರಭ್ಯ ಬುತ್ತಿ ಕಟ್ಟಿದವನಲ್ಲ. ರಾಮದುರ್ಗಕ್ಕೆ ಹೋಗುವ ಮೊದಲ ಬಸ್ಸಿಗೆ ಹೊತ್ತಾಗಿತ್ತೆಂದು ನಾನು ಕೇಳಲಿಲ್ಲ.

ಸೀಟಿ ಬಾಯಲ್ಲಿ, ಟಿಕೆಟ್ ಮಷಿನ್ ಕೈಯಲ್ಲಿ. ನಾನು ಮಾತಾಡದ್ದನ್ನು ನೋಡಿ ರಾಮದುರ್ಗದಲ್ಲಿ ಹತ್ತಿದವರಿಗೆ ಗಾಬರಿಯಾಯಿತು. "ಯಾರರ ತೀರಿಕೊಂಡಾರೇನ್ರಿ?" ಎಂದು ಒಬ್ಬಾತ ಕೇಳಿದ. ಹಗ್ಗವನ್ನು ವಿರೂಪಾಕ್ಷ ಮೇಲೆಯೇ ಬಿಗಿದು ಕಟ್ಟಿದ್ದ. ಒಂದೊಂದು ನಿಲ್ದಾಣದಲ್ಲೂ ಎಲ್ಲರೂ ಇಳಿದರೋ ಎಂದು ಬಗ್ಗಿ ನೋಡಿ ಊದುತ್ತಿದ್ದೆ, ಬಸ್ಸು ಹೊರಡುತ್ತಿತ್ತು.

ಕಟಕೋಳದಲ್ಲಿ ಕೃಷ್ಣವ್ವ ಬುತ್ತಿ ಹಿಡಿದು ನಿಂತಿದ್ದಳು. ಕೆಳಗಿನಿಂದಲೇ ಕೊಟ್ಟಾಳು ಎಂದುಕೊಂಡಿದ್ದೆ. ಆ ಮುದುಕಿ ಅಂಥವಳಲ್ಲ. ಹತ್ತಿದಳು, ಕೊಟ್ಟಳು, ಡಬ್ಬಿ ಇಸಿದುಕೊಂಡಳು, ಮುಚ್ಚಳ ನೋಡಿದಳು, ಮೊಸರಿನ ಮಾತು ಹೇಳಿದಳು, ತಿರುಗಿದಳು. ಕೆಳಗಿನ ಪಾವಟಿಗೆಗೆ ಒಂದು ಕಾಲು ಇಟ್ಟಳು.

ಆಗ ಬಂತು. ಅದೇ ಜಾಗ, ಅದೇ ಮುದುಕಿ, ಅದೇ ಪಾವಟಿಗೆ. ಅವತ್ತಿಗಿಂತ ಜೋರಾಗಿ ಬಂತು. ಎಡಗೈ ತಾನೇ ಮೇಲೆದ್ದು ಹಗ್ಗ ಹುಡುಕಿತು, ಹಗ್ಗ ಅಲ್ಲಿರಲಿಲ್ಲ. ಸೀಟಿಯನ್ನು ಕಚ್ಚಿದೆ. ಕಣ್ಣಿಗೆ ಕತ್ತಲೆ ಬಂತು. ಕಂಬಿಗೆ ಬೆನ್ನು ಕೊಟ್ಟು ನಿಂತೆ.

ಬಸ್ಸು ಅಲುಗಲಿಲ್ಲ.

ಹಿಂದಿನಿಂದ ಯಾರೋ "ಯಾಕ ನಿಂತತಿ? ಹೋಗೂಣ್ರಿ!" ಎಂದರು. ವಿರೂಪಾಕ್ಷ ತಿರುಗಿಯೂ ನೋಡಲಿಲ್ಲ, ಸ್ಟೇರಿಂಗ್ ಮೇಲೆ ಕೈಯಿಟ್ಟು ಎದುರಿನ ರಸ್ತೆ ನೋಡುತ್ತ ಕುಳಿತ. ಕೃಷ್ಣವ್ವ ನೆಲಕ್ಕೆ ಎರಡೂ ಕಾಲೂರಿ, ತಲೆಯೆತ್ತಿ ನನ್ನನ್ನು ನೋಡಿದಳು.

"ಅವತ್ತೂ ಇದ ಬಂದಿತ್ತೇನ ಯವ್ವಾ?"

ತಲೆಯಾಡಿಸಿದೆ. ನೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈಯಿರಲಿಲ್ಲ.

"ಮೊದಲ ಹೇಳಬಾರದೇನ, ಹುಚ್ಚಿ! ನಾ ಸುಮ್ಮನ ಬೈದ್ನಿ." ಆಮೇಲೆ ಬಸ್ಸಿನ ಕಡೆ ತಿರುಗಿ ಗದರಿದಳು, "ಏ, ಯಾರಲೇ ಅವಸರ ಮಾಡವ್ರು? ಆ ಹುಡಿಗಿಗಿ ನೋವು ಬಂದೈತಿ. ಅದು ಹೋಗೂತನಕಾ ಸುಮ್ಮ ಕುಂದರ್ರಿ!"

ಬಸ್ಸು ಸುಮ್ಮನೆ ಕುಳಿತಿತು. ಹಾಲಿನ ಕ್ಯಾನಿನವರು, ಕೋರ್ಟಿಗೆ ಹೊರಟವರು, ಕಾಲೇಜಿನ ಹುಡುಗಿಯರು, ಎಲ್ಲರೂ ನನ್ನ ಕಡೆ ನೋಡುತ್ತ ಕುಳಿತರು. ಯಾಕೆ ಬಂತೆಂದು ಒಬ್ಬರೂ ಕೇಳಲಿಲ್ಲ. ಇಷ್ಟು ದಿನ ಈ ನೋವನ್ನು ನಾನೊಬ್ಬಳೇ ಹೊತ್ತುಕೊಂಡು ತಿರುಗಿದ್ದೆ. ಅದು ಮೊಣಕೈ ದಾಟಿತು, ಮಣಿಕಟ್ಟು ದಾಟಿತು, ಕಿರುಬೆರಳಿಗೆ ಬಂತು, ಹೋಯಿತು. ಬಾಗಿಲ ಹೊರಗೆ ಬಗ್ಗಿ ನೋಡಿದೆ. ಕೃಷ್ಣವ್ವ ದೂರ ಸರಿದು, ಹೋಗು ಎಂದು ಕೈ ಬೀಸಿದಳು.

ಊದಿದೆ. ವಿರೂಪಾಕ್ಷ ಗಾಡಿ ಎತ್ತಿದ.

ಅಲ್ಲಿಂದ ಮುಂದೆ ನಡೆದದ್ದು ಕೇಳಬೇಡಿ. ಒಬ್ಬಳು ಎಕ್ಕದ ಎಲೆ ಬಿಸಿ ಮಾಡಿ ಕಟ್ಟು ಎಂದಳು, ಇನ್ನೊಬ್ಬಳು ಬದನೆಕಾಯಿ ಬಿಡು ಎಂದಳು. ಹಾಲಿನವನು ತನಗೂ ಥೇಟ್ ಹೀಗೆಯೇ ಬರುತ್ತದೆ, ಆದರೆ ಕಾಲಿಗೆ, ಅದೂ ಹೆಂಡತಿ ಕೆಲಸ ಹೇಳಿದಾಗ ಎಂದ. ಬಸ್ಸೆಲ್ಲ ನಕ್ಕಿತು. ಸೀಟಿ ಬಾಯಲ್ಲಿದ್ದುದರಿಂದ ಅಷ್ಟೂ ಜನಕ್ಕೆ ಉತ್ತರ ಕೊಡಲಾಗದೆ ನಾನು ಒದ್ದಾಡಿದೆ. ಕೈಯ ನೋವಿನ ಮುಂದೆ ಬಾಯಿ ಕಟ್ಟಿದ ಈ ನೋವೇ ದೊಡ್ಡದೆನಿಸಿತು.

ಸವದತ್ತಿಯಲ್ಲಿ ನಮ್ಮ ಓಣಿಯ ತಿರುವಿಗೆ ಬಸ್ಸು ನಿಂತಾಗ ಬಾಯವ್ವ ಕಟ್ಟೆಯ ಮೇಲೆ ನಾಲ್ಕೈದು ಜನ ಗೆಳತಿಯರನ್ನು ಕೂಡಿಸಿಕೊಂಡು ಕುಳಿತಿದ್ದರು. ಬೇಕೆಂದೇ ಉದ್ದಕ್ಕೆ ಊದಿದೆ. ಅತ್ತೆ ಸೆರಗು ಸರಿಪಡಿಸಿಕೊಂಡು ಆಚೀಚೆಯವರ ಮುಖ ನೋಡಿದರು, ಕೇಳಿಸಿತೋ ಇಲ್ಲವೋ ಎಂಬಂತೆ. ಬೈಲಹೊಂಗಲದಲ್ಲಿ ಸಪ್ನಾ ಬುತ್ತಿ ಇಸಿದುಕೊಳ್ಳಲು ಬಂದಳು. ಸೀಟಿ ತೆಗೆದು ಅವಳ ಅಜ್ಜಿಯ ಮೊಸರಿನ ಮಾತು ಹೇಳಿದೆ, ಜೊತೆಗೆ ರಾಮದುರ್ಗದಿಂದ ತಡೆದಿಟ್ಟಿದ್ದ ಮಾತುಗಳನ್ನೂ ಒಂದಷ್ಟು ಹೇಳಿದೆ. ಪಾಪದ ಹುಡುಗಿ, ಕ್ಲಾಸಿಗೆ ತಡವಾಗಿರಬೇಕು.

ಕಿತ್ತೂರು ಮುಟ್ಟಿದಾಗ ವಿರೂಪಾಕ್ಷ ನನಗೂ ಒಂದು ಚಹಾ ತಂದ. "ನಾಳಿನೂ ಸೀಟಿ ತರ್ರಿ ಅಕ್ಕಾರ," ಎಂದ, ಅಷ್ಟೇ. ಬಸ್ಸಿನ ನೆರಳಿನಲ್ಲಿ ಬುತ್ತಿ ತೆಗೆದೆ. ಅದು ಅತ್ತೆಯ ಗಂಟಾಗಿರಲಿಲ್ಲ. ವಸ್ತ್ರದ ಒಂದು ತುದಿ ಉದ್ದಕ್ಕೆ ಹೊರಗೆ ಬಂದಿತ್ತು. ಮೋಟರಿನ ತಂತಿಯ ಸುರುಳಿಗೆ ಕಾಂತೇಶ ಇಂಥದೇ ಗಂಟು ಹಾಕುವುದನ್ನು ಅಂಗಡಿಯಲ್ಲಿ ನೋಡಿದ್ದೆ. ಎರಡು ಬೆರಳಲ್ಲಿ ತುದಿ ಹಿಡಿದು ಎಳೆದೆ, ಗಂಟು ಬಿಚ್ಚಿಕೊಂಡಿತು. ದಿನಾ ನಾನು ಹಲ್ಲಿನಿಂದ ಬಿಚ್ಚುವುದನ್ನು ಅವನು ಯಾವಾಗ ತಿಳಿದನೋ ನನಗೆ ಗೊತ್ತಿಲ್ಲ. ನಾನಂತೂ ಹೇಳಿರಲಿಲ್ಲ.

ಅಷ್ಟರಲ್ಲಿ ಅವನದೇ ಫೋನು.

"ಬಂದಿತ್ತೇನು?"

"ಬಂದಿತ್ರಿ. ಕಟಕೋಳದಾಗ."

ಇನ್ನೇನು ಕೇಳುತ್ತಾನೆ, ಕೈ ಮೇಲಿತ್ತೋ ಕೆಳಗಿತ್ತೋ ಎಂದು ನಾನು ಕಾದೆ.

"ಗಂಟು ಬಿಚ್ಚಾಕ ಬಂತೇನು?" ಎಂದ.

ಸೀಟಿ ಕೊರಳಲ್ಲಿ ತೂಗುತ್ತಿತ್ತು, ಬಾಯಿ ಖಾಲಿಯಿತ್ತು, ಆದರೂ ನನ್ನಂಥವಳಿಗೆ ಮಾತು ಹೊರಡಲಿಲ್ಲ.

"ಬಂತ್ರಿ," ಎಂದೆ ಕಡೆಗೆ. ರೊಟ್ಟಿ ಮುರಿದುಕೊಂಡೆ.